ಟ್ರಂಕು, ಕ್ಯಾಸೆಟ್ಟು, ಪತ್ರದ ಕಟ್ಟು: ಸಂಘದ ದಾಖಲೆಗಳನ್ನು ತಿದ್ದದೆ ಉಳಿಸುವ ಕೆಲಸ

ಅಧ್ಯಾತ್ಮ ಸಂಘವೊಂದರ ದಾಖಲೆಗಳು ಒಂದೇ ಕಡೆ ಇರುವುದು ಅಪರೂಪ. ಪ್ರವಚನದ ಕ್ಯಾಸೆಟ್ಟುಗಳು ಮೈಕು ನೋಡಿಕೊಳ್ಳುತ್ತಿದ್ದವರ ಮನೆಯಲ್ಲಿ, ಲೆಕ್ಕದ ಪುಸ್ತಕಗಳು ಹಿಂದಿನ ಖಜಾಂಚಿಯ ಬೀರುವಿನಲ್ಲಿ, ಗುರುಗಳ ಪತ್ರಗಳು ಅವನ್ನು ಪಡೆದ ಶಿಷ್ಯರ ಟ್ರಂಕಿನಲ್ಲಿ, ಫೋಟೋಗಳಂತೂ ಎಲ್ಲರ ಬಳಿ. ಇವರಲ್ಲಿ ಯಾರಾದರೂ ತೀರಿಕೊಂಡಾಗಲೋ ಕಟ್ಟಡದ ದುರಸ್ತಿ ಶುರುವಾದಾಗಲೋ ಎಲ್ಲವೂ ಒಮ್ಮೆಗೇ ಒಂದು ಕೋಣೆಗೆ ಬಂದು ಬೀಳುತ್ತದೆ. ಮರುವಾರವೇ ನಾಲ್ಕು ಜನ ಉತ್ಸಾಹಿಗಳು ಸೇರಿ ಆ ಕೋಣೆಯನ್ನು ಚೊಕ್ಕಟ ಮಾಡುತ್ತಾರೆ. ಅನೇಕ ಸಂಗ್ರಹಗಳಿಗೆ ಗೆದ್ದಲಿಗಿಂತ ಹೆಚ್ಚು ಹಾನಿಯಾಗಿರುವುದು ಆ ದಿನವೇ.

ಹಾನಿ ಹೇಗೆಂದರೆ, ದಾರ ಕಟ್ಟಿದ ಪತ್ರಗಳ ಒಂದು ಕಟ್ಟನ್ನೇ ನೋಡಿ. ಅರ್ಧದಷ್ಟು ಪತ್ರಗಳಿಗೆ ತಾರೀಖೇ ಇರುವುದಿಲ್ಲ. ಅಂದಿನ ಕಾರ್ಯದರ್ಶಿ ಉತ್ತರ ಬರೆದ ಮೇಲೆ ಒಂದರ ಮೇಲೊಂದು ಪೇರಿಸಿ ಕಟ್ಟಿಟ್ಟಿದ್ದಾರೆ. ಕೆಳಗಿನ ಲಕೋಟೆಯ ಅಂಚೆ ಮುದ್ರೆ ಮಾರ್ಚಿನದು, ಮೇಲಿನದು ಜೂನಿನದು. ನಡುವೆ ಇರುವ ತಾರೀಖಿಲ್ಲದ ಪತ್ರ ಈ ಎರಡರ ನಡುವಿನ ಅವಧಿಯದು ಎಂದು ಊಹಿಸಲು ಗಟ್ಟಿ ಆಧಾರ ಸಿಕ್ಕಿತು. ಕಟ್ಟು ಬಿಚ್ಚಿ ‘ಧ್ಯಾನ’, ‘ಹಣಕಾಸು’, ‘ಉತ್ಸವ’ ಎಂದು ವಿಷಯವಾರು ಹಂಚಿ, ಲಕೋಟೆಗಳನ್ನು ಕಸಕ್ಕೆ ಹಾಕಿದರೆ ಆ ಆಧಾರ ಹೋಯಿತು. ಮತ್ತೆ ಅದನ್ನು ಯಾವ ತಂತ್ರಾಂಶವೂ ತಂದುಕೊಡದು. ಆದ್ದರಿಂದ ಪತ್ರಾಗಾರದ ಮೊದಲ ನಿಯಮ ಎರಡು ಭಾಗದ್ದು: ಒಬ್ಬರಿಂದ ಬಂದದ್ದನ್ನು ಇನ್ನೊಬ್ಬರಿಂದ ಬಂದದ್ದರ ಜೊತೆ ಬೆರೆಸಬಾರದು, ಬಂದ ಕ್ರಮವನ್ನು ಕೆಡಿಸಬಾರದು. ವಿಷಯವಾರು ಹುಡುಕುವ ಅನುಕೂಲ ಪಟ್ಟಿಯಲ್ಲಿ ಇದ್ದರೆ ಸಾಕು, ಕಪಾಟಿನಲ್ಲಿ ಬೇಕಿಲ್ಲ.

ಹಾಗಾಗಿ ಮೊದಲ ದಿನ ಏನನ್ನೂ ಬಿಚ್ಚಬೇಡಿ. ಕೋಣೆಯನ್ನು, ಪ್ರತಿ ಟ್ರಂಕನ್ನು, ಮುಚ್ಚಳ ತೆಗೆದ ಪ್ರತಿ ಪೆಟ್ಟಿಗೆಯನ್ನು ಇದ್ದ ಹಾಗೆಯೇ ಫೋಟೋ ತೆಗೆಯಿರಿ. ಪೆಟ್ಟಿಗೆಗೊಂದು ನಂಬರು ಕೊಟ್ಟು ರಿಜಿಸ್ಟರಿನಲ್ಲಿ ಒಂದೊಂದು ಸಾಲು ಬರೆಯಿರಿ: ಯಾರು ಕೊಟ್ಟರು, ಯಾವತ್ತು ಬಂತು, ಮೊದಲು ಎಲ್ಲಿತ್ತು, ಅಂದಾಜು ಎಷ್ಟಿದೆ, ಕಣ್ಣಿಗೆ ಕಾಣುವ ತೊಂದರೆ ಏನು. ಕೊಟ್ಟವರಿಂದ ಅಂದೇ ಒಂದು ಪತ್ರ ಬರೆಸಿಕೊಳ್ಳಿ. ಇದು ದಾನವೋ, ಇಟ್ಟುಕೊಳ್ಳಲು ಕೊಟ್ಟದ್ದೋ, ಸ್ಕ್ಯಾನ್ ಮಾಡಿ ಹಿಂತಿರುಗಿಸಬೇಕೋ ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ಹತ್ತು ವರ್ಷದ ನಂತರ ಅವರ ಮಕ್ಕಳು ಬಂದು ಕೇಳಿದಾಗ ಬಾಯಿಮಾತು ನಿಲ್ಲುವುದಿಲ್ಲ.

ಇನ್ನು ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು? ಎಲ್ಲರ ಕೈಯೂ ಗುರುಗಳ ಹಸ್ತಾಕ್ಷರದ ಕಡೆಗೇ ಹೋಗುತ್ತದೆ. ಆದರೆ ಒಳ್ಳೆಯ ಕಾಗದದ ಮೇಲಿನ ಬರಹ ತಣ್ಣನೆಯ ಒಣ ಜಾಗದಲ್ಲಿ ಇನ್ನೂ ದಶಕಗಟ್ಟಲೆ ಕಾಯುತ್ತದೆ. ಕಾಯದಿರುವುದು ಟೇಪು. 2019ರಲ್ಲಿ ಯುನೆಸ್ಕೋ ಹಾಗೂ ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಸ್ಥೆ ಐಎಎಸ್‌ಎ ಸೇರಿ ಮ್ಯಾಗ್ನೆಟಿಕ್ ಟೇಪಿನ ಬಗ್ಗೆ ಎಚ್ಚರಿಕೆ ಕೊಟ್ಟವು. 2025ರ ಹೊತ್ತಿಗೆ ಟೇಪು ಓದುವ ಯಂತ್ರಗಳು ನಿತ್ಯಬಳಕೆಯಿಂದ ಮರೆಯಾಗುತ್ತವೆ ಎಂಬುದು ಅದರ ತಿರುಳು. ಅಂದರೆ ತೊಂದರೆ ಟೇಪಿನದಷ್ಟೇ ಅಲ್ಲ, ಯಂತ್ರ, ಬಿಡಿಭಾಗ, ರಿಪೇರಿ ಬಲ್ಲ ಕೈ ಮೂರರದೂ ಹೌದು. ಮನೆಬಳಕೆಯ ವಿಡಿಯೋ ಕ್ಯಾಸೆಟ್ಟು ಓಡಿಸುವ ವಿಎಚ್‌ಎಸ್ ಯಂತ್ರಗಳ ತಯಾರಿಕೆ 2016ರಲ್ಲೇ ನಿಂತಿತು. ಆದ್ದರಿಂದ ಸರದಿ ಹೀಗಿರಲಿ: ಬೂಷ್ಟು ಅಥವಾ ಹುಳ ಹಿಡಿದದ್ದನ್ನು ಬೇರೆ ಮಾಡುವುದು, ಟೇಪು, ಫಿಲ್ಮು, ಆಮೇಲೆ ಕಾಗದ.

ಬೂಷ್ಟಿನ ಬಗ್ಗೆ ಚುಟುಕಾಗಿ. ಗಾಳಿಯ ತೇವಾಂಶ ಶೇ 65 ದಾಟಿದರೆ ಬೂಷ್ಟು ಏಳುತ್ತದೆ. ಶೇ 45ರಿಂದ 55ರ ಒಳಗೆ, 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಏರಿಳಿತ ಕಡಿಮೆ ಇದ್ದರೆ ಕಾಗದಕ್ಕೆ ಕ್ಷೇಮ. ಹಗಲು ಮಾತ್ರ ಎಸಿ ಹಾಕಿ ರಾತ್ರಿ ಆರಿಸುವುದಕ್ಕಿಂತ ಎಸಿ ಇಲ್ಲದಿರುವುದೇ ವಾಸಿ, ಏಕೆಂದರೆ ದಿನಕ್ಕೊಮ್ಮೆ ಹಿಗ್ಗಿ ಕುಗ್ಗುವ ಕಾಗದ ಬೇಗ ಸೋಲುತ್ತದೆ. ಬೂಷ್ಟು ಹಸಿಯಾಗಿ ಅಂಟುವಂತಿದ್ದರೆ ಒರೆಸಬೇಡಿ, ಒರೆಸಿದರೆ ಕಾಗದದೊಳಕ್ಕೇ ಇಳಿಯುತ್ತದೆ. ಬೇರೆ ಕೋಣೆಯಲ್ಲಿ ಒಣಗಿಸಿ, ಪುಡಿಯಾದ ಮೇಲೆ ಎನ್-95 ಮಾಸ್ಕ್ ಹಾಕಿಕೊಂಡು ಮೆತ್ತನೆಯ ಬ್ರಷ್ಷಿನಿಂದ, ಅತಿ ಸೂಕ್ಷ್ಮ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮಿನ ಬಾಯಿಗೆ ತಳ್ಳಬೇಕು. ಸಾಮಾನ್ಯ ವ್ಯಾಕ್ಯೂಮ್ ಕ್ಲೀನರು ಬೂಷ್ಟಿನ ಬೀಜಕಗಳನ್ನು ಹಿಂದಿನಿಂದ ಕೋಣೆಗೇ ಊದುತ್ತದೆ. ಹುಳ ಹಿಡಿದ ಪುಸ್ತಕಗಳಿಗೆ ವಿಷಕ್ಕಿಂತ ಚಳಿಯೇ ಮೇಲು: ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 20 ಡಿಗ್ರಿಯಲ್ಲಿ ಕನಿಷ್ಠ ಒಂದು ವಾರ ಇಟ್ಟು, ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚದೆ ಬಿಡಬೇಕು. ಅವಸರಪಟ್ಟು ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರು ಕೂರುತ್ತದೆ. ಗಾಜಿನ ನೆಗೆಟಿವ್‌ಗಳಿಗೆ ಈ ಉಪಾಯ ಸಲ್ಲದು.

ಈಗ ಕ್ಯಾಸೆಟ್ಟು. ಕೈಗೆ ಬಂದ ಕೂಡಲೇ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡು ಮುರಿಯಿರಿ, ಆಮೇಲೆ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಯುವುದಿಲ್ಲ. ಕಿಟಕಿಯಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟಿರಬಹುದು, ಆ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಬೇಡಿ. ಒಳಗಿನ ಸ್ಪಂಜಿನ ಒತ್ತುಪಟ್ಟಿ ಉದುರಿದ್ದರೆ ಧ್ವನಿ ಮಂಕಾಗಿ ಕೇಳುತ್ತದೆ, ಟೇಪು ಹಾಳಾಗಿದೆ ಎಂದುಕೊಂಡು ಎಸೆಯುವವರಿದ್ದಾರೆ. ಸ್ಕ್ರೂ ಇರುವ ಒಳ್ಳೆಯ ಖಾಲಿ ಕ್ಯಾಸೆಟ್ಟಿನ ಹೊರಚಿಪ್ಪಿಗೆ ಟೇಪನ್ನು ವರ್ಗಾಯಿಸಿದರೆ ಸರಿಹೋಗುತ್ತದೆ. ಪ್ರತಿ ಕ್ಯಾಸೆಟ್ಟಿಗೂ ಮೊದಲು ಯಂತ್ರದಲ್ಲಿ ಟೇಪನ್ನು ಓದುವ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿ, ಟೇಪನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸುತ್ತಿ ಸಡಿಲಿಸಿಕೊಳ್ಳಿ.

ಹೆಚ್ಚಿನವರು ಎಡವುವುದು ಹೆಡ್ಡಿನ ಓರೆಯಲ್ಲಿ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಕೂದಲೆಳೆಯಷ್ಟು ವಾಲಿದ್ದರೂ ನಿಮ್ಮ ಯಂತ್ರದಲ್ಲಿ ಸ, ಶ, ಷ ಅಕ್ಷರಗಳ ಚೂಪು ಮಾಯವಾಗುತ್ತದೆ. ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ಎರಡೂ ಚಾನೆಲ್ ಕೂಡಿಸಿ ಮೋನೋದಲ್ಲಿ ಕೇಳುತ್ತಾ, ಧ್ವನಿ ಅತಿ ಸ್ಪಷ್ಟವಾಗುವ ಜಾಗಕ್ಕೆ ತಿರುಗಿಸಬೇಕು. ಪ್ರತಿ ಕ್ಯಾಸೆಟ್ಟಿಗೂ, ಅಗತ್ಯವಿದ್ದರೆ ಎರಡನೇ ಬದಿಗೂ, ಇದನ್ನು ಮತ್ತೆ ಮಾಡಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಯಾವ ಫಿಲ್ಟರ್ ಹಾಕಿದರೂ ಈ ನಷ್ಟ ಪೂರ್ತಿ ತುಂಬುವುದಿಲ್ಲ.

ಕಂಪ್ಯೂಟರಿನಲ್ಲಿ ದಾಖಲಿಸುವುದು 24 ಬಿಟ್, 96 ಕಿಲೋಹರ್ಟ್ಸ್ ವೇವ್ ಫೈಲಿಗೆ, ಅಂದರೆ ಧ್ವನಿಯನ್ನು ಕುಗ್ಗಿಸದೆ ಇಡುವ ಫೈಲಿಗೆ. ಸ್ಟೀರಿಯೋ ಆದರೆ ಗಂಟೆಗೆ ಸುಮಾರು 2 ಜಿಬಿ ಆಗುತ್ತದೆ. ಎಂಪಿ3 ಕೇಳುವವರಿಗೆ ಹಂಚಲು ಸರಿ, ಮೂಲವಾಗಿ ಇಟ್ಟುಕೊಳ್ಳಲು ಅಲ್ಲ. ಗದ್ದಲ ತೆಗೆಯುವ ಫಿಲ್ಟರ್ ಮೂಲ ಫೈಲಿಗೆ ಬೇಡ. ಕೆಮ್ಮು, ಗಂಟೆಯ ಸದ್ದು, ಕೊನೆಯಲ್ಲಿ ಯಾರೋ ಹೇಳುವ ‘ನಾಳೆಯ ಸಭೆ ಇಷ್ಟು ಗಂಟೆಗೆ’ ಎಂಬ ಪ್ರಕಟಣೆ ಯಾವುದನ್ನೂ ಕತ್ತರಿಸಬೇಡಿ. ಚೀಟಿಯಲ್ಲಿ ತಾರೀಖು ತಪ್ಪಿರುವ ಟೇಪಿಗೆ ಎಷ್ಟೋ ಸಲ ಆ ಪ್ರಕಟಣೆಯೇ ಸಾಕ್ಷಿ. ಚೀಟಿಯನ್ನೂ ತಿದ್ದಬಾರದು. ಮೇಲೆ ಬರೆದದ್ದು ಒಂದು, ಒಳಗಿರುವುದು ಇನ್ನೊಂದು ಆದರೆ ಎರಡನ್ನೂ ಪಟ್ಟಿಯಲ್ಲಿ ಬೇರೆ ಬೇರೆಯಾಗಿ ನಮೂದಿಸಿ.

90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು, ಇದರಲ್ಲಿ ಒಳದಾರಿ ಇಲ್ಲ. ಸಿದ್ಧತೆ, ಬರವಣಿಗೆ ಸೇರಿ ಎರಡು ಗಂಟೆ ಹಿಡಿಯಿರಿ. 500 ಕ್ಯಾಸೆಟ್ಟಿದ್ದರೆ ಸಾವಿರ ಗಂಟೆ. ಸಮಿತಿಯವರು ‘ಮುಂದಿನ ಉತ್ಸವದೊಳಗೆ ಮುಗಿಸಿ’ ಎನ್ನುವ ಮೊದಲೇ ಈ ಲೆಕ್ಕವನ್ನು ಅವರ ಮುಂದಿಡುವುದು ಒಳ್ಳೆಯದು. ಒಂದೇ ಪ್ರವಚನದ ಹತ್ತು ಪ್ರತಿಗಳು ಬಂದಿದ್ದರೆ ಎಲ್ಲವನ್ನೂ ಇಳಿಸಬೇಕಾಗಿಲ್ಲ. ಪ್ರತಿಯಿಂದ ಪ್ರತಿ ಮಾಡಿದಷ್ಟೂ ಸುಯ್ಯೆನ್ನುವ ಸದ್ದು ಏರಿ ಚೂಪು ಇಳಿಯುತ್ತದೆ, ಎರಡು ನಿಮಿಷ ಕೇಳಿದರೆ ಮೂಲಕ್ಕೆ ಹತ್ತಿರದ ಪ್ರತಿ ಯಾವುದೆಂದು ಗೊತ್ತಾಗುತ್ತದೆ.

ಕ್ಯಾಸೆಟ್ಟಿನೊಳಗಿಲ್ಲದೆ ತೆರೆದ ಸುರುಳಿಯಲ್ಲಿರುವ ಸ್ಪೂಲ್ ಟೇಪಿನದು ಬೇರೆ ಕಥೆ. ಸುಮಾರು 1970ರ ಮತ್ತು 80ರ ದಶಕದ ಕೆಲವು ಪಾಲಿಯೆಸ್ಟರ್ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಟ್ಟ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಓಡಿಸಿದರೆ ಕಿರ್ರೆನ್ನುತ್ತದೆ, ಹೆಡ್ಡಿನ ಮೇಲೆ ಕಂದು ಮಡ್ಡಿ ಕೂರುತ್ತದೆ. ಆ ಕ್ಷಣವೇ ನಿಲ್ಲಿಸಿ, ಉದುರುತ್ತಿರುವುದು ಧ್ವನಿಯೇ. ಸುಮಾರು 50 ಡಿಗ್ರಿಯಲ್ಲಿ ಎಂಟು ಗಂಟೆ ಅಥವಾ ಹೆಚ್ಚು ಹೊತ್ತು ಹದವಾಗಿ ಕಾಯಿಸಿದರೆ ಕೆಲವು ವಾರ ಓಡುವಂತಾಗುತ್ತದೆ. ಅದಕ್ಕೆ ಉಷ್ಣತೆ ಕದಲದ ಪ್ರಯೋಗಾಲಯದ ಓವನ್ ಬೇಕು, ಅಡುಗೆಮನೆಯದು ನಡೆಯದು. ಅಸಿಟೇಟ್ ಎಂಬ ಬೇರೆ ಪ್ಲಾಸ್ಟಿಕ್ಕಿನ ಟೇಪನ್ನಂತೂ ಕಾಯಿಸಲೇಬಾರದು. ಗುರುತು ಸುಲಭ: ಸುರುಳಿಯನ್ನು ಬೆಳಕಿಗೆ ಹಿಡಿದರೆ ಅಸಿಟೇಟ್ ಆದರೆ ಬೆಳಕು ಹಾಯುತ್ತದೆ, ಪಾಲಿಯೆಸ್ಟರ್ ಕಪ್ಪಾಗಿ ನಿಲ್ಲುತ್ತದೆ.

ಫಿಲ್ಮಿನ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಕೊಳೆಯುತ್ತಿದೆ ಎಂದರ್ಥ. ಹೊರಬರುವ ಆಮ್ಲ ಪಕ್ಕದ ಡಬ್ಬಿಗೂ ಹಬ್ಬುವುದರಿಂದ ಅದನ್ನು ಅಂದೇ ಬೇರೆ ಇಡಿ. ಅಂಚಿನಲ್ಲಿ ‘ನೈಟ್ರೇಟ್’ ಎಂದು ಅಚ್ಚಾಗಿದ್ದರೆ, ಅಥವಾ 1950ರ ದಶಕದ ಆರಂಭಕ್ಕಿಂತ ಹಿಂದಿನ 35 ಮಿ.ಮೀ. ಫಿಲ್ಮಿನ ಮೇಲೆ ‘ಸೇಫ್ಟಿ’ ಎಂಬ ಪದ ಕಾಣದಿದ್ದರೆ, ಸ್ವಯಂಸೇವಕರ ಕೆಲಸ ಅಲ್ಲಿಗೆ ಮುಗಿಯಿತು. ನೈಟ್ರೇಟ್ ಹೊತ್ತಿಕೊಂಡರೆ ತನ್ನ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುತ್ತದೆ, ನೀರಿಗೂ ಆರದು. ಪರಿಣತರನ್ನು ಕರೆಯಿರಿ.

ಕಾಗದದ ಕೆಲಸ ನಿಧಾನದ್ದು, ಆದರೆ ಹೊಸಬರಿಗೆ ಕಲಿಸಲು ಸುಲಭ. ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ನಿನ ಎರಡು ಕಾಲನ್ನೂ ಹಿಂಬದಿಯಿಂದ ಚಪ್ಪಟೆ ಸಲಾಕೆಯಿಂದ ಎತ್ತಿ ನೆಟ್ಟಗೆ ಮಾಡಿ, ಆಮೇಲೆ ಮುಂದಿನಿಂದ ಎಳೆಯಬೇಕು. ಕಾಗದ ಕಾಪಾಡಲು ಸಲಾಕೆಯ ಕೆಳಗೆ ಪಾಲಿಯೆಸ್ಟರ್ ಹಾಳೆಯ ತುಂಡು ಇರಲಿ. ರಬ್ಬರ್ ಬ್ಯಾಂಡು, ಗುಂಡುಪಿನ್ನು ಹೊರಗೆ. ಸೆಲ್ಲೋ ಟೇಪು ಮಾತ್ರ ಇದ್ದಲ್ಲೇ ಇರಲಿ, ಕಿತ್ತರೆ ಅಕ್ಷರವೂ ಬರುತ್ತದೆ. ಲ್ಯಾಮಿನೇಷನ್ ಎಂಬ ಮಾತೇ ಬೇಡ. ಬಿಸಿ ಮತ್ತು ಅಂಟು ಎರಡೂ ಕಾಗದದೊಳಕ್ಕೆ ಹೋಗಿ ವಾಪಸ್ ಬರುವುದಿಲ್ಲ. ಬಿಳಿ ಹತ್ತಿ ಕೈಗವಸು ಪ್ರಚಾರದ ಚಿತ್ರಗಳಲ್ಲಿ ಚೆಂದ ಕಾಣುತ್ತದೆ, ಆದರೆ ಬೆರಳಿನ ಸ್ಪರ್ಶಜ್ಞಾನ ಕಸಿದು ಪುಟದ ತುದಿ ಹರಿಯುತ್ತದೆ. ಕಾಗದಕ್ಕೆ ತೊಳೆದು ಒಣಗಿಸಿದ ಬರಿಗೈ, ಫೋಟೋ ಮತ್ತು ನೆಗೆಟಿವಿಗೆ ನೈಟ್ರೈಲ್ ಕೈಗವಸು. ಬರೆಯುವುದೆಲ್ಲ ಪೆನ್ಸಿಲಿನಲ್ಲಿ. ಫೋಲ್ಡರು, ಪೆಟ್ಟಿಗೆ ಆಮ್ಲರಹಿತವಾಗಿರಲಿ. ಪ್ಲಾಸ್ಟಿಕ್ ಲಕೋಟೆ ಬೇಕಿದ್ದರೆ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್, ಪಿವಿಸಿ ಎಂದಿಗೂ ಅಲ್ಲ.

ಗುರುಗಳ ವಸ್ತುಗಳನ್ನು ದರ್ಶನಕ್ಕಿಡುವ ಆಸೆ ಸಹಜ. ದೀಪದ ಮಸಿ, ಧೂಪದ ಜಿಡ್ಡು, ಹೂವಿನ ತೇವ, ಮುಟ್ಟಿ ನಮಸ್ಕರಿಸುವ ನೂರಾರು ಬೆರಳುಗಳು ಇವೆಲ್ಲ ಕಾಗದಕ್ಕೆ ಶತ್ರುಗಳೇ. ಇದಕ್ಕೆ ಜಗಳ ಬೇಕಿಲ್ಲ: ಒಳ್ಳೆಯ ಮುದ್ರಿತ ಪ್ರತಿಯನ್ನು ಪೀಠದಲ್ಲಿಡಿ, ಮೂಲವನ್ನು ಕತ್ತಲಲ್ಲಿಡಿ. ಮೂಲವನ್ನೇ ಇಡಬೇಕಾದರೆ ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮೀರದಿರಲಿ, ಕೆಲವು ವಾರಗಳಿಗೆ ಮಾತ್ರ ಇರಲಿ.

ಸ್ಕ್ಯಾನಿಂಗಿಗೆ ಕೈಬರಹವಾದರೆ 400 ಪಿಪಿಐ (ಇಂಚಿಗೆ ಇಷ್ಟು ಚುಕ್ಕಿ), ಫೋಟೋಗೆ 600, ಟಿಫ್ ಫೈಲು. ಎ4 ಪುಟ 400ರಲ್ಲಿ ಬಣ್ಣದಲ್ಲಿ ಸುಮಾರು 46 ಎಂಬಿ ಆಗುತ್ತದೆ, ಡಿಸ್ಕ್ ಕೊಳ್ಳುವ ಮೊದಲು ಪುಟಗಳನ್ನು ಎಣಿಸಿ. ಖಾಲಿ ಪುಟ, ಲಕೋಟೆ, ಹಿಂಬದಿಯ ಗೀಚು ಎಲ್ಲವೂ ಸೇರಲಿ. ಫೈಲಿನ ಹೆಸರು ಪೆಟ್ಟಿಗೆ, ಫೋಲ್ಡರು, ಪುಟದ ನಂಬರಿನಿಂದ ಆಗಲಿ. ‘ಗುರುಗಳ ಸುಂದರ ಪತ್ರ ಹೊಸದು 2’ ಎಂಬ ಹೆಸರು ಮುಂದಿನವರಿಗೆ ಏನೂ ಹೇಳದು. ಪ್ರತಿ ಫೈಲಿಗೂ, ಒಳಗೆ ಏನೇ ಬದಲಾದರೂ ತಾನೂ ಬದಲಾಗುವ ಗುರುತು-ಸಂಖ್ಯೆಯಾದ ಚೆಕ್‌ಸಮ್ ತೆಗೆದಿಟ್ಟು ವರ್ಷಕ್ಕೊಮ್ಮೆ ತಾಳೆ ನೋಡಿ, ಇಲ್ಲದಿದ್ದರೆ ಕೆಟ್ಟ ಫೈಲನ್ನೇ ಮೂರು ಕಡೆ ನಕಲು ಮಾಡುತ್ತಾ ಹೋಗುತ್ತೀರಿ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ.

ವಿವರಣೆಗೆ ಐಸ್ಯಾಡ್-ಜಿ ಎಂಬ ಅಂತರರಾಷ್ಟ್ರೀಯ ಮಾನದಂಡದ ಆರು ಅಂಶ ಸಾಕು: ಸಂಕೇತ ಸಂಖ್ಯೆ, ಶೀರ್ಷಿಕೆ, ಸೃಷ್ಟಿಸಿದವರು, ಕಾಲ, ಪ್ರಮಾಣ, ವಿವರಣೆಯ ಸ್ತರ (ಅಂದರೆ ವಿವರ ಇಡೀ ಸಂಗ್ರಹದ್ದೋ ಒಂದೇ ಪತ್ರದ್ದೋ ಎಂಬುದು). ಅಧ್ಯಾತ್ಮ ಸಂಘಗಳಿಗೆ ಇದರ ಜೊತೆ ಒಂದು ಹೆಸರು ಪಟ್ಟಿ ಬೇಕೇ ಬೇಕು. ದೀಕ್ಷೆಗೆ ಮುಂಚಿನ ಹೆಸರು, ದೀಕ್ಷಾನಾಮ, ಮನೆಯಲ್ಲಿ ಕರೆಯುವ ಹೆಸರು ಮೂರೂ ಒಬ್ಬರದೇ ಎಂದು ತಿಳಿದ ಹಿರಿಯರು ಇರುವಾಗಲೇ ಅದನ್ನು ಬರೆದುಕೊಳ್ಳಬೇಕು.

ಪ್ರವಚನ ಬರೆದುಕೊಳ್ಳುವವರು ಮಾತನ್ನು ನಯಗೊಳಿಸುತ್ತಾರೆ. ಪ್ರಕಟಣೆಗೆ ಅದು ಸರಿ, ದಾಖಲೆಗೆ ಅಲ್ಲ. ಧ್ವನಿ, ಆಡಿದ ಮಾತಿನ ಯಥಾವತ್ತು ಬರಹ, ತಿದ್ದಿದ ಪ್ರಕಟಿತ ರೂಪ ಮೂರೂ ಬೇರೆ ಬೇರೆಯಾಗಿ ಇರಲಿ, ಕೇಳಿಸದ ಜಾಗದಲ್ಲಿ ಊಹೆಯ ಬದಲು ‘ಅಸ್ಪಷ್ಟ’ ಎಂದೂ ನಿಮಿಷ-ಸೆಕೆಂಡೂ ಇರಲಿ. ಇದಕ್ಕಿಂತ ಕಷ್ಟದ್ದು ಮುಜುಗರದ ಕಾಗದಗಳು: ಒಡಕಿನ ಕಾಲದ ಕರಪತ್ರ, ರಾಜೀನಾಮೆ, ಲೆಕ್ಕದ ತಕರಾರು. ಲಂಡನ್ನಿನ ಕ್ವೇಕರರು ಎಂಬ ಕ್ರೈಸ್ತ ಪಂಥದವರು 1673ರಲ್ಲೇ ತಮ್ಮವರು ಬರೆದ ಪ್ರತಿ ಕೃತಿಯ ಎರಡು ಪ್ರತಿ, ತಮ್ಮ ವಿರುದ್ಧ ಬರೆದದ್ದರ ಒಂದು ಪ್ರತಿ ಕೂಡಿಡಬೇಕೆಂದು ನಿರ್ಧರಿಸಿದರು. ಆ ಸಂಗ್ರಹ ಇಂದಿಗೂ ಅವರ ಗ್ರಂಥಾಲಯದ ಬುನಾದಿ. ಮುಜುಗರವಾದರೆ ಮುಚ್ಚಿಡಿ, ಸುಡಬೇಡಿ.

ಮುಚ್ಚಿಡುವುದಕ್ಕೂ ಕ್ರಮವಿದೆ. ಸಾಧಕರು ತಮ್ಮ ಸಂಸಾರದ ತಾಪತ್ರಯ, ಕಾಯಿಲೆ, ತಪ್ಪೊಪ್ಪಿಗೆ ಬರೆದ ಪತ್ರಗಳು ಗುರುಗಳೊಬ್ಬರ ಕಣ್ಣಿಗೆಂದೇ ಬರೆದವು. ಹೆಚ್ಚಿನ ದೇಶಗಳ ಕಾನೂನಿನಲ್ಲಿ ಪತ್ರದ ಕಾಗದ ಪಡೆದವರದು, ಅದರೊಳಗಿನ ಮಾತಿನ ಹಕ್ಕು ಬರೆದವರದು ಅಥವಾ ಅವರ ವಾರಸುದಾರರದು. ಇಂಥವನ್ನು ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಹಾಕುವ ಹಕ್ಕು ಸಂಘಕ್ಕೆ ತಾನಾಗಿ ಬರುವುದಿಲ್ಲ. ಅವನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು, ಯಾವ ವರ್ಷದವರೆಗೆ ತೆರೆಯಬಾರದು, ಅದಕ್ಕೆ ಮೊದಲು ತೆರೆಯಬೇಕಾದರೆ ಯಾವ ಇಬ್ಬರು ಪದಾಧಿಕಾರಿಗಳ ಸಹಿ ಬೇಕು ಎಂಬುದನ್ನು ಪೆಟ್ಟಿಗೆಯ ಮೇಲೂ ರಿಜಿಸ್ಟರಿನಲ್ಲೂ ಬರೆಯಿರಿ. ಮೂಲ ಕಟ್ಟಿನಲ್ಲಿ ಆ ಪತ್ರವಿದ್ದ ಜಾಗದಲ್ಲಿ, ಅದು ಈಗ ಎಲ್ಲಿದೆ ಎಂದು ಹೇಳುವ ಚೀಟಿಯೊಂದನ್ನು ಇಡಿ.