ಓದುಗರ ಪ್ರಶ್ನೆ: ಹರ್ಮನ್‌ಪ್ರೀತ್ ಇದ್ದೂ ಸೂರ್ಮಾ ಏಕೆ ಗೆಲ್ಲಲಿಲ್ಲ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಹೀಗೆ ಕೇಳಿದ್ದಾರೆ: ‘ಅಡಿಕೆ ಸುಲಿಯುವ ದಿನಗಳಲ್ಲಿ ಟಿ.ವಿ.ಯನ್ನು ಜಗಲಿಗೆ ತಂದಿಟ್ಟುಕೊಂಡು ಹಾಕಿ ಇಂಡಿಯಾ ಲೀಗ್ ಪಂದ್ಯಗಳನ್ನು ನೋಡಿದೆವು. ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚು ಬೆಲೆ ಕೊಟ್ಟು ಹರ್ಮನ್‌ಪ್ರೀತ್ ಸಿಂಗ್ ಅವರನ್ನು ಕೊಂಡ ಸೂರ್ಮಾ ತಂಡ ಫೈನಲ್ ಕೂಡ ತಲುಪಲಿಲ್ಲ. ಅಷ್ಟು ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲವೇ?’ ಇದೇ ಪ್ರಶ್ನೆಯನ್ನು ಶಿವಮೊಗ್ಗದಲ್ಲಿ ಹಾಕಿ ನೋಡುವ ಕೆಲವೇ ಮಂದಿಯಲ್ಲಿ ಬಹುತೇಕ ಎಲ್ಲರೂ ನನ್ನನ್ನು ಒಮ್ಮೆಯಾದರೂ ಕೇಳಿದ್ದಾರೆ. ನಾನು ಸೂರ್ಮಾ ಅಭಿಮಾನಿ ಎಂಬುದು ಅವರಿಗೆ ಗೊತ್ತಿರುವುದರಿಂದ ಕೇಳುವಾಗ ತುಸು ನಗುತ್ತಾರೆ ಕೂಡ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹರ್ಮನ್‌ಪ್ರೀತ್ ಅವರಿಗೆ ಕೊಟ್ಟ ಹಣ ವ್ಯರ್ಥವಾಗಲಿಲ್ಲ. ಅವರ ಸುತ್ತ ತಂಡವನ್ನು ಕಟ್ಟಿದ ರೀತಿಯಲ್ಲಿ ಒಂದು ಕೊರತೆ ಇತ್ತು, ಆ ಕೊರತೆ ಹರಾಜು ಮುಗಿದ ದಿನವೇ ಪಟ್ಟಿಯಲ್ಲಿ ಕಾಣುತ್ತಿತ್ತು. ಇದು ಅಭಿಮಾನಿಯೊಬ್ಬನ ಅಭಿಪ್ರಾಯವೆಂದೇ ಓದಿಕೊಳ್ಳಬೇಕು.

ನಮ್ಮ ರಾಜ್ಯದ ತಂಡವೇ ಇಲ್ಲದ ಲೀಗಿನಲ್ಲಿ ಪಂಜಾಬ್–ಹರಿಯಾಣದ ತಂಡದ ಮೇಲೆ ಮಲೆನಾಡಿನವನಿಗೆ ಏಕೆ ಒಲವು ಎಂದು ಕೇಳಿದರೆ, ಅದಕ್ಕೆ ಸಣ್ಣದೊಂದು ನೆಪವಿದೆ. ಸೂರ್ಮಾ ತಂಡದ ಒಡೆತನ ಜೆಎಸ್‌ಡಬ್ಲ್ಯು ಸಮೂಹದ್ದು. ಬಳ್ಳಾರಿ ಸೀಮೆಯಲ್ಲಿ ಉಕ್ಕಿನ ಕಾರ್ಖಾನೆ ನಡೆಸುವವರೂ, ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡವನ್ನು ಸಾಕುವವರೂ ಅವರೇ. ಇಷ್ಟು ದೂರದ ನೆಂಟಸ್ತನವೂ ಇಲ್ಲದ ತಂಡಗಳನ್ನು ಜನ ಬೆಂಬಲಿಸುತ್ತಾರೆ ಎಂಬುದು ನನ್ನ ಸಮಾಧಾನ.

2013ರಿಂದ 2017ರವರೆಗೆ ಐದು ಋತು ನಡೆದು ನಿಂತುಹೋಗಿದ್ದ ಲೀಗ್, 2024ರ ಡಿಸೆಂಬರ್ 28ರಂದು ರೂರ್ಕೆಲಾದ ಬಿರ್ಸಾ ಮುಂಡಾ ಕ್ರೀಡಾಂಗಣದಲ್ಲಿ ಮತ್ತೆ ಆರಂಭವಾಯಿತು. ಪುರುಷರ ವಿಭಾಗದಲ್ಲಿ ಎಂಟು ತಂಡಗಳಿದ್ದವು. ಅವುಗಳಲ್ಲಿ ಬೆಂಗಾಲ್ ಟೈಗರ್ಸ್, ಹೈದರಾಬಾದ್ ತೂಫಾನ್ಸ್, ತಮಿಳುನಾಡು ಡ್ರ್ಯಾಗನ್ಸ್ ಮತ್ತು ಸೂರ್ಮಾ ಸೆಮಿಫೈನಲ್ ತಲುಪಿದವು. ಸೂರ್ಮಾ 3–1ರಿಂದ ತೂಫಾನ್ಸ್‌ಗೆ ಸೋತು ಕೊನೆಗೆ ಮೂರನೆಯ ಸ್ಥಾನ ಪಡೆಯಿತು. 2025ರ ಫೆಬ್ರುವರಿ 1ರ ಫೈನಲ್‌ನಲ್ಲಿ ಬೆಂಗಾಲ್ ಟೈಗರ್ಸ್ 4–3ರಿಂದ ತೂಫಾನ್ಸ್ ತಂಡವನ್ನು ಸೋಲಿಸಿತು. ಎಂಟರಲ್ಲಿ ಮೂರನೆಯ ಸ್ಥಾನವನ್ನು ಸೋಲು ಎಂದು ಕರೆಯುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ, ಆದರೆ ಹರಾಜಿನಲ್ಲಿ ಹರ್ಮನ್‌ಪ್ರೀತ್ ಅವರಿಗೆ ಕೊಟ್ಟ 78 ಲಕ್ಷ ರೂಪಾಯಿಯ ಲೆಕ್ಕ ಮುಂದಿಟ್ಟುಕೊಂಡವರಿಗೆ ಮೂರನೆಯ ಸ್ಥಾನ ಸಾಲದು ಎಂಬುದೂ ಅರ್ಥವಾಗುತ್ತದೆ.

ಈಗ ಆ 78 ಲಕ್ಷದ ವಿಚಾರ. ಶಿವಮೊಗ್ಗದ ಅಡಿಕೆ ಮಂಡಿಯ ವ್ಯವಹಾರ ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಅಡಿಕೆಯ ದರ್ಜೆಗಳಲ್ಲಿ ಸರಕಿನ ದರ ರಾಶಿ ಇಡಿಯ ದರಕ್ಕಿಂತ ಎಷ್ಟೋ ಮೇಲಿರುತ್ತದೆ, ಗೊರಬಲು ಎಲ್ಲಕ್ಕಿಂತ ಕೆಳಗಿರುತ್ತದೆ. ಸರಕು ಸಿಗುವುದೇ ಕಡಿಮೆ, ಬೇಕೆನ್ನುವವರು ಹೆಚ್ಚು, ಆದ್ದರಿಂದ ಆ ದರ. ಹಾಗೆಂದು ತೋಟದ ಯಜಮಾನ ವರ್ಷದ ಸಂಸಾರವನ್ನು ಸರಕಿನ ನಾಲ್ಕು ಚೀಲದಿಂದ ನಡೆಸುವುದಿಲ್ಲ, ರಾಶಿಯಿಂದಲೇ ನಡೆಸಬೇಕು. 2024ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ನಡೆದ ಹರಾಜು ಇದೇ ಬಗೆಯದು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹರ್ಮನ್‌ಪ್ರೀತ್ ಹತ್ತು ಗೋಲು ಹೊಡೆದು, ಸ್ಪೇನ್ ವಿರುದ್ಧ 2–1ರಿಂದ ಗೆದ್ದು ಕಂಚು ತಂದ ತಂಡದ ನಾಯಕರಾಗಿದ್ದರು. ಅಂಥವರು ದೇಶದಲ್ಲಿ ಒಬ್ಬರೇ ಇದ್ದಾಗ ಬೆಲೆ ಏರದೆ ಇನ್ನೇನಾದೀತು?

ಪುರುಷರ ತಂಡವೊಂದು ಹರಾಜಿನಲ್ಲಿ ಖರ್ಚು ಮಾಡಬಹುದಾಗಿದ್ದುದು 4 ಕೋಟಿ ರೂಪಾಯಿ, ಕಟ್ಟಬೇಕಾಗಿದ್ದುದು 24 ಆಟಗಾರರ ಬಳಗ. ಅವರಲ್ಲಿ ವಿದೇಶಿಯರು ಎಂಟು ಮಂದಿ, ಭಾರತೀಯರು ಹದಿನಾರು ಮಂದಿ. ಒಬ್ಬರಿಗೇ 78 ಲಕ್ಷ ಕೊಟ್ಟರೆ ಒಟ್ಟು ಮೊತ್ತದ ಐದನೆಯ ಒಂದು ಪಾಲು ಹತ್ತಿರ ಹತ್ತಿರ ಮುಗಿದು, ಉಳಿದ 23 ಮಂದಿಗೆ ಸರಾಸರಿ 14 ಲಕ್ಷ ಉಳಿಯುತ್ತದೆ. ‘ನೋಡಿ, ಅಲ್ಲೇ ತಪ್ಪಾಯಿತು’ ಎಂದು ಹೇಳುವವರು ಗೆದ್ದ ತಂಡದ ಲೆಕ್ಕವನ್ನೂ ನೋಡಬೇಕು. ಬೆಂಗಾಲ್ ಟೈಗರ್ಸ್ ಅಭಿಷೇಕ್ ಅವರಿಗೆ 72 ಲಕ್ಷ, ಜುಗ್‌ರಾಜ್ ಸಿಂಗ್ ಅವರಿಗೆ 48 ಲಕ್ಷ, ಸುಖ್‌ಜೀತ್ ಸಿಂಗ್ ಅವರಿಗೆ 42 ಲಕ್ಷ ಕೊಟ್ಟಿತು. ಮೂವರಿಗೇ 1 ಕೋಟಿ 62 ಲಕ್ಷ, ಅಂದರೆ ಐದರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚು. ಹೀಗಾಗಿ, ದುಬಾರಿ ಆಟಗಾರರನ್ನು ಕೊಂಡದ್ದೇ ಸೂರ್ಮಾ ಸೋಲಿಗೆ ಕಾರಣ ಎಂಬ ವಾದ ನಿಲ್ಲುವುದಿಲ್ಲ. ಗೆದ್ದವರೂ ಕೈಬಿಚ್ಚಿಯೇ ಖರ್ಚು ಮಾಡಿದ್ದರು. ವ್ಯತ್ಯಾಸ ಇದ್ದದ್ದು ಎಲ್ಲಿ ಖರ್ಚು ಮಾಡಿದರು ಎಂಬುದರಲ್ಲಿ.

ಅದನ್ನು ತಿಳಿಯಲು ಹರ್ಮನ್‌ಪ್ರೀತ್ ಅವರ ಮುಖ್ಯ ಅಸ್ತ್ರವಾದ ಡ್ರ್ಯಾಗ್‌ಫ್ಲಿಕ್ ಎಂಬ ವಿದ್ಯೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎದುರಾಳಿಯ ತಪ್ಪಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಒಬ್ಬ ಆಟಗಾರ ಗೋಲುಕಂಬದಿಂದ 10 ಮೀಟರ್ ದೂರದಲ್ಲಿ ಬ್ಯಾಕ್‌ಲೈನ್ ಮೇಲೆ ನಿಂತು ಚೆಂಡನ್ನು ಒಳಕ್ಕೆ ತಳ್ಳುತ್ತಾನೆ, ಇನ್ನೊಬ್ಬ ‘ಡಿ’ಯ (ಗೋಲಿನ ಮುಂದಿನ ಅರ್ಧವೃತ್ತದ) ಹೊರಗೆ ಅದನ್ನು ನಿಲ್ಲಿಸುತ್ತಾನೆ, ಮೂರನೆಯವನು ಬಾಗಿ, ಸ್ಟಿಕ್ಕಿನ ಕೊಕ್ಕೆಯಲ್ಲಿ ಚೆಂಡನ್ನು ಹಿಡಿದಂತೆಯೇ ಎಳೆದು, ಮೈಯ ಭಾರವನ್ನೆಲ್ಲ ಮುಂದಕ್ಕೆ ಹಾಕಿ ಗೋಲಿನತ್ತ ಬೀಸುತ್ತಾನೆ. ಎದುರಾಳಿ ತಂಡದಲ್ಲಿ ಗೋಲ್‌ಕೀಪರ್ ಸೇರಿ ಐದೇ ಮಂದಿ ಗೋಲಿನ ಬಳಿ ನಿಲ್ಲಬಹುದು. ಉಳಿದವರು ಮೈದಾನದ ನಡುಗೆರೆಯಾಚೆಯಿಂದ ಓಡಿ ಬರಬೇಕು. ಚೆಂಡನ್ನು ಸ್ಟಿಕ್ಕಿನಿಂದ ಬೀಸಿ ಹೊಡೆದರೆ ಆ ಮೊದಲ ಹೊಡೆತ ಗೋಲುಗೆರೆ ದಾಟುವಾಗ 460 ಮಿಲಿಮೀಟರಿಗಿಂತ ಎತ್ತರದಲ್ಲಿ ಇರಕೂಡದು. ಫ್ಲಿಕ್ ಮಾಡಿದರೆ ಈ ಮಿತಿ ಇಲ್ಲ. ಮೇಲಿನ ಮೂಲೆಗೂ ಕಳುಹಿಸಬಹುದು, ಗೋಲ್‌ಕೀಪರ್‌ನ ಹೆಗಲ ಪಕ್ಕಕ್ಕೂ ಕಳುಹಿಸಬಹುದು. ಡ್ರ್ಯಾಗ್‌ಫ್ಲಿಕ್ ಬಲ್ಲವರಿಗೆ ಹರಾಜಿನಲ್ಲಿ ಅಷ್ಟು ಬೆಲೆ ಬರುವುದರ ಮೂಲ ಇಲ್ಲಿದೆ.

ನಿಯಮ ಬದಲಾದರೆ ಈ ಬೆಲೆಯೂ ಬದಲಾಗುತ್ತದೆ ಎಂಬುದನ್ನು ಹಳೆಯ ಲೀಗ್ ನೋಡಿದವರು ಮರೆತಿರಲಾರರು. 2016 ಮತ್ತು 2017ರಲ್ಲಿ ಫೀಲ್ಡ್ ಗೋಲಿಗೆ, ಅಂದರೆ ಆಟ ಸಾಗುತ್ತಿರುವಾಗಲೇ ಹೊಡೆದ ಗೋಲಿಗೆ, ಎರಡು ಗೋಲಿನ ಲೆಕ್ಕ ಕೊಡುತ್ತಿದ್ದರು. ಕಾರ್ನರ್‌ನಿಂದ ಬಂದ ಗೋಲು ಒಂದೇ ಆಗಿತ್ತು. ಆ ನಿಯಮ ಉಳಿದಿದ್ದರೆ ಹರಾಜಿನ ಮೇಜುಗಳಲ್ಲಿ ಫಾರ್ವರ್ಡ್‌ಗಳಿಗಾಗಿಯೇ ಹೆಚ್ಚು ಜಗಳವಾಗುತ್ತಿತ್ತು. ಹೊಸ ಲೀಗಿನಲ್ಲಿ ಎಲ್ಲ ಗೋಲಿಗೂ ಒಂದೇ ಲೆಕ್ಕ.

ಆದರೆ ಡ್ರ್ಯಾಗ್‌ಫ್ಲಿಕ್ ಪರಿಣತನ ಪಾಡು ಒಂದು ವಿಷಯದಲ್ಲಿ ಬಡಿಸುವವನ ಕಾಯುವ ಊಟಗಾರನಂತೆ: ಕಾರ್ನರ್ ಸಿಗದಿದ್ದರೆ ಅವನ ವಿದ್ಯೆಗೆ ಎಲೆಯೇ ಬೀಳುವುದಿಲ್ಲ. ಕಾರ್ನರ್ ತಾನಾಗಿ ಬರುವುದಿಲ್ಲ. ಎದುರಾಳಿಯ ‘ಡಿ’ಯೊಳಗೆ ನುಗ್ಗಿ, ರಕ್ಷಕನ ಕಾಲಿಗೆ ಚೆಂಡು ತಾಗಿಸುವ, ತಪ್ಪು ಟ್ಯಾಕಲ್ ಮಾಡುವಂತೆ ಕೆಣಕುವ ಫಾರ್ವರ್ಡ್‌ಗಳು ಅದನ್ನು ಗಳಿಸಿ ಕೊಡಬೇಕು. ಇನ್ನು ಒಂದು ಕಾರ್ನರ್‌ನಲ್ಲಿ ಒಬ್ಬನೇ ಫ್ಲಿಕ್ ಮಾಡಬಲ್ಲ. ಸೂರ್ಮಾ ಬಳಗದಲ್ಲಿ ಹರ್ಮನ್‌ಪ್ರೀತ್ ಇದ್ದರು. ಆಸ್ಟ್ರೇಲಿಯಾದ ಜೆರೆಮಿ ಹೇವರ್ಡ್ ಇದ್ದರು, ಅವರೂ ತಮ್ಮ ದೇಶದ ಮುಖ್ಯ ಡ್ರ್ಯಾಗ್‌ಫ್ಲಿಕರ್. ಅರ್ಜೆಂಟೀನಾದ ನಿಕೊಲಾಸ್ ಡೆಲ್ಲಾ ಟೊರೆ ಕೂಡ ಇದ್ದರು, ಅವರದೂ ಅದೇ ವಿದ್ಯೆ. ಮೂವರೂ ರಕ್ಷಣಾ ವಿಭಾಗದವರು. ಗಾಯ, ಕಾರ್ಡ್, ದಣಿವು ಇವುಗಳಿಗೆ ಎರಡನೆಯವನೊಬ್ಬ ಬೇಕೆಂಬುದು ಸರಿ. ಮೂವರು ಅಗ್ರಗಣ್ಯರನ್ನು ಒಂದೇ ಮನೆಯಲ್ಲಿ ಕೂಡಿಹಾಕಿದ್ದು ಮಾತ್ರ ಒಂದೇ ಒಲೆಗೆ ಮೂವರು ಅಡುಗೆಭಟ್ಟರನ್ನು ಕರೆಸಿದಂತೆ ನನಗೆ ಕಂಡಿತು.

ಬೆಂಗಾಲ್ ಟೈಗರ್ಸ್ ಪಟ್ಟಿಯಲ್ಲೂ ಫ್ಲಿಕರ್‌ಗಳು ಒಬ್ಬರಿಗಿಂತ ಹೆಚ್ಚು ಇದ್ದರು ಎಂಬುದನ್ನು ಮುಚ್ಚಿಡುವುದು ನ್ಯಾಯವಲ್ಲ. ನಾಯಕ ರೂಪಿಂದರ್ ಪಾಲ್ ಸಿಂಗ್ ಸ್ವತಃ ಹೆಸರಾಂತ ಡ್ರ್ಯಾಗ್‌ಫ್ಲಿಕರ್. ಅಂತರರಾಷ್ಟ್ರೀಯ ಹಾಕಿಯಿಂದ 2021ರಲ್ಲೇ ನಿವೃತ್ತರಾದವರು. ಆದರೆ ಬೆಂಗಾಲ್ ತಂಡದ ದೊಡ್ಡ ಹಣ ಹೋದದ್ದು ಇಬ್ಬರು ಫಾರ್ವರ್ಡ್‌ಗಳ ಮೇಲೆ. ಅಭಿಷೇಕ್ ಮತ್ತು ಸುಖ್‌ಜೀತ್ ಭಾರತ ತಂಡದಲ್ಲಿ ಜೊತೆಯಾಗಿ ಆಡಿ ಒಬ್ಬರ ಓಟ ಇನ್ನೊಬ್ಬರಿಗೆ ಗೊತ್ತಿದ್ದವರು. ಐದು ವಾರದ ಲೀಗಿಗಾಗಿ ನಾನಾ ದೇಶಗಳಿಂದ ಬಂದವರು ಕೆಲವೇ ದಿನ ಜೊತೆಯಾಗಿ ಅಭ್ಯಾಸ ಮಾಡಿ ಮೈದಾನಕ್ಕಿಳಿಯುವಾಗ, ಮೊದಲೇ ಹೊಂದಿಕೊಂಡ ಒಂದು ಜೋಡಿ ಸಿಕ್ಕರೆ ಅದು ಹರಾಜಿನ ಪಟ್ಟಿಯಲ್ಲಿ ಬರೆಯದ ಲಾಭ. ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಸುಖ್‌ಜೀತ್ ಅವರಿಗೆ ಬಂತು, ಅತಿ ಹೆಚ್ಚು ಗೋಲು ಹೊಡೆದವರು 12 ಗೋಲುಗಳ ಡ್ರ್ಯಾಗ್‌ಫ್ಲಿಕರ್ ಜುಗ್‌ರಾಜ್. ಈ ಎರಡು ಸಂಗತಿಗಳನ್ನು ನಾನು ಬೇರೆ ಬೇರೆಯಾಗಿ ಓದುವುದಿಲ್ಲ. ಮುಂದೆ ನುಗ್ಗುವವರು ಚೆನ್ನಾಗಿದ್ದುದರಿಂದ ಹಿಂದೆ ಇದ್ದ ಫ್ಲಿಕರ್‌ಗೆ ಕೆಲಸ ಸಿಕ್ಕಿತು ಎಂದೇ ನನ್ನ ಓದು.

ಫೈನಲ್ ಪಂದ್ಯವನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಬಹುದು. ತೂಫಾನ್ಸ್ ಪರ ಒಂಬತ್ತನೆಯ ನಿಮಿಷದಲ್ಲೇ ಗೊಂಜಾಲೊ ಪೆಯಾಟ್ ಗೋಲು ಹೊಡೆದರು. ಅವರೂ 68 ಲಕ್ಷದ ಆಟಗಾರ; 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅರ್ಜೆಂಟೀನಾದೊಂದಿಗೆ ಚಿನ್ನ, 2023ರಲ್ಲಿ ಭುವನೇಶ್ವರದಲ್ಲಿ ಜರ್ಮನಿಯೊಂದಿಗೆ ವಿಶ್ವಕಪ್ ಗೆದ್ದವರು. ಜುಗ್‌ರಾಜ್ 25, 32 ಮತ್ತು 35ನೆಯ ನಿಮಿಷಗಳಲ್ಲಿ ಮೂರು ಗೋಲು ಹೊಡೆದರು. ತೂಫಾನ್ಸ್ ಪರ ಅಮನ್‌ದೀಪ್ ಲಾಕ್ರಾ ಮತ್ತು ಜೇಕಬ್ ಆಂಡರ್ಸನ್ ಗೋಲು ಸೇರಿಸಿದಾಗ 3–3. ಗೆಲುವಿನ ಗೋಲು ಬಂದದ್ದು 54ನೆಯ ನಿಮಿಷದಲ್ಲಿ, ನ್ಯೂಜಿಲೆಂಡಿನ ಫಾರ್ವರ್ಡ್ ಸ್ಯಾಮ್ ಲೇನ್ ಅವರಿಂದ. ಎರಡೂ ಕಡೆಯ ದುಬಾರಿ ಡ್ರ್ಯಾಗ್‌ಫ್ಲಿಕರ್‌ಗಳು ತಮ್ಮ ಕೆಲಸ ಮುಗಿಸಿದ ಮೇಲೆ ಕಪ್ ಯಾರದೆಂದು ತೀರ್ಮಾನಿಸಿದವರು ಒಬ್ಬ ಫಾರ್ವರ್ಡ್.

ಗೋಲ್‌ಕೀಪರ್ ವಿಷಯದಲ್ಲಿ ಸೂರ್ಮಾಕ್ಕೆ ಕೊರತೆಯೇ ಇರಲಿಲ್ಲ. ಟೋಕಿಯೊ ಒಲಿಂಪಿಕ್ಸ್ ಫೈನಲ್‌ನ ಶೂಟೌಟ್‌ನಲ್ಲಿ ಬೆಲ್ಜಿಯಂಗೆ ಚಿನ್ನ ಕಾಯ್ದುಕೊಟ್ಟ ವಿನ್ಸೆಂಟ್ ವನಾಶ್ ಆ ತಂಡದಲ್ಲಿದ್ದರು. ಬೆಂಗಾಲ್ ಬಳಿ ಪ್ಯಾರಿಸ್‌ನಲ್ಲಿ ನೆದರ್ಲೆಂಡ್ಸ್‌ಗೆ ಅದೇ ಕೆಲಸ ಮಾಡಿದ ಪಿರ್ಮಿನ್ ಬ್ಲಾಕ್ ಇದ್ದರು. ಇಲ್ಲಿ ಅದೃಷ್ಟದ ಮಾತನ್ನೂ ಆಡಲೇಬೇಕು: ಬೆಂಗಾಲ್ ಟೈಗರ್ಸ್ ಸೆಮಿಫೈನಲ್‌ನಲ್ಲಿ ತಮಿಳುನಾಡು ಡ್ರ್ಯಾಗನ್ಸ್ ಜೊತೆ ಸಮಬಲ ಸಾಧಿಸಿ, ಶೂಟೌಟ್‌ನಲ್ಲಿ ದಾಟಿ ಬಂದ ತಂಡ. ಎಂಟು ಸೆಕೆಂಡಿನೊಳಗೆ ಚೆಂಡನ್ನು ಗೋಲ್‌ಕೀಪರ್ ದಾಟಿಸಬೇಕಾದ ಆ ಆಟದಲ್ಲಿ ಒಂದು ಚೆಂಡು ಆಚೀಚೆ ಹೋಗಿದ್ದರೆ ಈ ಲೇಖನದಲ್ಲಿ ನಾನು ತಮಿಳುನಾಡಿನ ಪಟ್ಟಿಯನ್ನು ಹೊಗಳುತ್ತಿದ್ದೆನೇನೋ. ಅಭಿಮಾನಿಗಳ ವಿಶ್ಲೇಷಣೆಗೆ ಈ ದೋಷ ಯಾವಾಗಲೂ ಇದ್ದದ್ದೇ.

‘ಹರ್ಮನ್‌ಪ್ರೀತ್ ಗೋಲು ಹೊಡೆಯದ ದಿನ ಅವರಿಂದ ಏನು ಉಪಯೋಗ’ ಎಂಬ ಮಾತನ್ನೂ ಕೇಳಿದ್ದೇನೆ. 2024ರ ಸೆಪ್ಟೆಂಬರ್‌ನಲ್ಲಿ ಚೀನಾದಲ್ಲಿ ನಡೆದ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಫೈನಲ್ ಅನ್ನು ಹಾಗೆ ಕೇಳುವವರು ನೆನಪಿಸಿಕೊಳ್ಳಬೇಕು. ಭಾರತ ಆತಿಥೇಯರನ್ನು ಸೋಲಿಸಿದ್ದು 1–0ಯಿಂದ. ಆ ಒಂದು ಗೋಲು ಜುಗ್‌ರಾಜ್ ಅವರದು, ಅವರಿಗೆ ಚೆಂಡು ಒದಗಿಸಿದವರು ‘ಡಿ’ಯವರೆಗೂ ಮುನ್ನುಗ್ಗಿದ ಹರ್ಮನ್‌ಪ್ರೀತ್. ರಕ್ಷಣೆಯಿಂದ ಮುಂದಕ್ಕೆ ಚೆಂಡು ಸಾಗಿಸುವುದು, ಕೊನೆಯ ಕಾಲುಗಂಟೆಯಲ್ಲಿ ಮುನ್ನಡೆ ಕಾಯುವುದು, ಕಿರಿಯರನ್ನು ಸ್ಥಾನದಲ್ಲಿ ನಿಲ್ಲಿಸುವುದು, ಇವೆಲ್ಲ ಸ್ಕೋರ್‌ಬೋರ್ಡಿನಲ್ಲಿ ಮೂಡದ ದುಡಿಮೆ. ಬದಲಿ ಆಟಗಾರರನ್ನು ಎಷ್ಟು ಬಾರಿ ಬೇಕಾದರೂ ಒಳಗೆ ಹೊರಗೆ ಕಳುಹಿಸಬಹುದಾದ ಈ ಆಟದಲ್ಲಿ ಫಾರ್ವರ್ಡ್‌ಗಳು ನಾಲ್ಕೈದು ನಿಮಿಷ ಓಡಿ ಬೆಂಚಿಗೆ ಬರುತ್ತಾರೆ, ಹರ್ಮನ್‌ಪ್ರೀತ್ ಅವರಂಥ ರಕ್ಷಕರು ಹೆಚ್ಚು ಹೊತ್ತು ಒಳಗೇ ಇರುತ್ತಾರೆ. ಈ ಕಾರಣಕ್ಕಾಗಿಯೇ ಸಾಲಾಗಿ ಆರೇಳು ಸಮಬಲದ ಫಾರ್ವರ್ಡ್‌ಗಳು ತಂಡಕ್ಕೆ ಬೇಕು. ಸೂರ್ಮಾದಲ್ಲಿ ಗುರ್ಜಂತ್ ಸಿಂಗ್, ಬೆಲ್ಜಿಯಂ ಮಿಡ್‌ಫೀಲ್ಡರ್ ವಿಕ್ಟರ್ ವೆಗ್ನೆಜ್, ವಿವೇಕ್ ಸಾಗರ್ ಪ್ರಸಾದ್, ನಿಕೊಲಾಸ್ ಕೀನನ್ ಅಂಥವರಿದ್ದರು ನಿಜ. ನಡುವಿನ ಸಾಲು ಯಾವ ತಂಡಕ್ಕೂ ಕಡಿಮೆಯಿರಲಿಲ್ಲ. ಅದರ ಮುಂದಿನ ಸಾಲು ಅಭಿಷೇಕ್–ಸುಖ್‌ಜೀತ್ ಜೋಡಿಯ ಮಟ್ಟಕ್ಕೆ ಇರಲಿಲ್ಲ.

ಓದುಗರು ಪತ್ರದ ಕೊನೆಗೆ ಇನ್ನೊಂದು ಸಾಲು ಸೇರಿಸಿದ್ದಾರೆ: ಕರ್ನಾಟಕಕ್ಕೆ ತಂಡವಿದ್ದಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲವಲ್ಲ ಎಂದು. ಪ್ರೀಮಿಯರ್ ಹಾಕಿ ಲೀಗಿನ ಕಾಲದಲ್ಲಿ ಬೆಂಗಳೂರು ಲಯನ್ಸ್ ಇತ್ತು, 2012ರ ವರ್ಲ್ಡ್ ಸೀರೀಸ್ ಹಾಕಿಯಲ್ಲಿ ಕರ್ನಾಟಕ ಲಯನ್ಸ್ ಇತ್ತು. ಹಾಕಿ ಇಂಡಿಯಾ ಲೀಗಿನಲ್ಲಿ ಮಾತ್ರ ನಮ್ಮವರು ಪರರ ಅಂಗಿ ತೊಟ್ಟೇ ಆಡಿದರು, ಸೋಮವಾರಪೇಟೆಯ ಎಸ್.ವಿ. ಸುನಿಲ್ ಪಂಜಾಬ್ ವಾರಿಯರ್ಸ್‌ಗೆ, ಕೊಡಗಿನವರೇ ಆದ ವಿ.ಆರ್. ರಘುನಾಥ್ ಉತ್ತರ ಪ್ರದೇಶ ವಿಝಾರ್ಡ್ಸ್‌ಗೆ. ಒಬ್ಬರು ಚಿರತೆಯಂತೆ ಓಡುವ ಫಾರ್ವರ್ಡ್, ಇನ್ನೊಬ್ಬರು ಡ್ರ್ಯಾಗ್‌ಫ್ಲಿಕರ್. ಇಬ್ಬರೂ ಒಂದೇ ತಂಡದಲ್ಲಿ ಸಿಕ್ಕಿದ್ದರೆ ಎಂದು ಆಗ ಎಷ್ಟು ಸಲ ಅಂದುಕೊಂಡಿದ್ದೆನೋ.

ಸೂರ್ಮಾ ಮೇಜಿನಲ್ಲಿ ನನ್ನನ್ನು ಕೂರಿಸಿದ್ದರೆ ಏನು ಮಾಡುತ್ತಿದ್ದೆ ಎಂದರೆ, ಹರ್ಮನ್‌ಪ್ರೀತ್ ಹೆಸರು ಬಂದಾಗ 78 ಲಕ್ಷಕ್ಕೂ ಕೈ ಎತ್ತುತ್ತಿದ್ದೆ, ಹಿಂದೆ ಮುಂದೆ ನೋಡುತ್ತಿರಲಿಲ್ಲ. ಎರಡನೆಯ ಡ್ರ್ಯಾಗ್‌ಫ್ಲಿಕರ್‌ಗೆ ಕಡಿಮೆ ಬೆಲೆಯ ಭಾರತೀಯ ಕಿರಿಯನೊಬ್ಬನನ್ನು ಹುಡುಕುತ್ತಿದ್ದೆ. ಹೇವರ್ಡ್ ಹೆಸರು ಕೂಗಿದಾಗ ಕೈ ಕಟ್ಟಿ ಕುಳಿತು, ಉಳಿದ ಹಣವನ್ನು ಸುಖ್‌ಜೀತ್ ಸರದಿ ಬರುವವರೆಗೂ ಬಿಗಿಹಿಡಿದಿರುತ್ತಿದ್ದೆ.