ಗಿಡದ ಮದ್ದು, ಹೃದಯದ ಬಾಗಿಲು
"ಗಿಡದ ಬೇರು ತಾನೇ ಡಾಕ್ಟ್ರೇ, ಏನೂ ಆಗಲ್ಲ ಅಲ್ವಾ?" ಹೃದಯದ ತಾಳ ತಪ್ಪುವ ಕಾಯಿಲೆಗಳನ್ನೇ ನೋಡುವ ನನಗೆ ರೋಗಿಗಳಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಆಗೆಲ್ಲ ನನಗೆ ಅಜ್ಮಲಿನ್ ಎಂಬ ಮದ್ದು ನೆನಪಾಗುತ್ತದೆ. ಅದೂ ಬೇರಿನಿಂದಲೇ ಬಂದದ್ದು. ಅದನ್ನು ಕೊಡುವಾಗ ಶಾಕ್ ಕೊಡುವ ಯಂತ್ರ ಪಕ್ಕದಲ್ಲೇ ಇರಬೇಕು.

ಹೃದಯದ ಒಂದೊಂದು ಜೀವಕೋಶದ ಗೋಡೆಯಲ್ಲೂ ಅಯಾನ್ ಚಾನೆಲ್ ಎಂಬ ಸಣ್ಣ ಬಾಗಿಲುಗಳಿವೆ. ಮೊದಲು ಸೋಡಿಯಂ ಬಾಗಿಲು ತೆರೆದು, ಒಂದೆರಡು ಮಿಲಿಸೆಕೆಂಡಿನಲ್ಲಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಕ್ಯಾಲ್ಸಿಯಂ ಒಳಗೆ ಬರುತ್ತದೆ. ಕೊನೆಗೆ ಪೊಟ್ಯಾಸಿಯಂ ಹೊರಗೆ ಹೋಗಿ, ಕೋಶ ಮುಂದಿನ ಬಡಿತಕ್ಕೆ ಸಿದ್ಧವಾಗುತ್ತದೆ. ಗಿಡದಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳಲ್ಲಿ ಕೆಲವು ಈ ಬಾಗಿಲುಗಳಲ್ಲೇ ಹೋಗಿ ಕೂರುತ್ತವೆ. ಯಾವ ಬಾಗಿಲು, ಎಷ್ಟು ಹೊತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಅಜ್ಮಲಿನ್ ಸಿಗುವುದು ಸರ್ಪಗಂಧಿಯ ಬೇರಿನಲ್ಲಿ. 1931ರಲ್ಲಿ ಅದನ್ನು ಬೇರ್ಪಡಿಸಿದ ರಸಾಯನ ವಿಜ್ಞಾನಿ ಸಲೀಮುಜ್ಜಮಾನ್ ಸಿದ್ದಿಕಿ ಅವರು ಯುನಾನಿ ವೈದ್ಯ ಹಕೀಮ್ ಅಜ್ಮಲ್ ಖಾನ್ ಅವರ ಹೆಸರನ್ನೇ ಅದಕ್ಕಿಟ್ಟರು. ಅದು ಸೋಡಿಯಂ ಬಾಗಿಲನ್ನು ತಡೆಯುತ್ತದೆ. ಹೃದಯದ ತಾಳ ತಪ್ಪಿಸುವ ಬ್ರುಗಾಡಾ ಸಿಂಡ್ರೋಮ್ ಎಂಬ ಕಾಯಿಲೆ ಇರುವ ಎಷ್ಟೋ ಜನರ ಇಸಿಜಿ ಸಾಮಾನ್ಯ ದಿನಗಳಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ನಿದ್ದೆಯಲ್ಲೋ ಜ್ವರದಲ್ಲೋ ಹೃದಯ ಇದ್ದಕ್ಕಿದ್ದಂತೆ ನಿಂತುಹೋಗಬಹುದು. ಅಜ್ಮಲಿನ್ ಆ ಅಡಗಿದ ಕಾಯಿಲೆಯನ್ನು ಹೊರಗೆ ತರುತ್ತದೆ.

ಪರೀಕ್ಷೆಯ ದಿನ ಇಸಿಜಿಗಾಗಿ ಎದೆಗೆ ಅಂಟಿಸುವ ತಂತಿಗಳಲ್ಲಿ, ಅಂದರೆ ಲೀಡ್‌ಗಳಲ್ಲಿ, ಮೊದಲ ಎರಡನ್ನು ಎರಡು ಪಕ್ಕೆಲುಬಿನ ಸಂದಿಯಷ್ಟು ಮೇಲೂ ಅಂಟಿಸುತ್ತೇವೆ. ತೂಕದ ಕಿಲೋಗೆ 1 ಮಿಲಿಗ್ರಾಂ ಲೆಕ್ಕದಲ್ಲಿ, ಐದರಿಂದ ಹತ್ತು ನಿಮಿಷ ಹಿಡಿದು, ಸ್ವಲ್ಪ ಸ್ವಲ್ಪವೇ ಮದ್ದು ಬಿಡುತ್ತೇವೆ. ಮಾತು ನಿಲ್ಲುತ್ತದೆ, ಎಲ್ಲರ ಕಣ್ಣೂ ಪರದೆ ಮೇಲೆ. ಕಾಯಿಲೆ ಇದ್ದರೆ ಆ ಲೀಡ್‌ಗಳ ಗೆರೆ ಮೇಲೆದ್ದು, ಗುಡ್ಡದ ಇಳಿಜಾರಿನ ಹಾಗೆ ಕೆಳಗೆ ಜಾರುತ್ತದೆ. ಅದು ಕಂಡ ಕೂಡಲೇ ಸಿರಿಂಜ್ ನಿಲ್ಲಿಸಬೇಕು. ಪ್ರತಿ ಬಡಿತದ ಚೂಪು ಗೆರೆ, ಅಂದರೆ ಕ್ಯೂಆರ್‌ಎಸ್, ಜಾಸ್ತಿ ಅಗಲವಾದರೂ ಅಷ್ಟೇ. ಮದ್ದಿನ ಪರಿಣಾಮ ಬೇಗ ಇಳಿಯುತ್ತದೆ, ಅದಕ್ಕೇ ಈ ಪರೀಕ್ಷೆಗೆ ಅದು ಒಗ್ಗುತ್ತದೆ.

ವತ್ಸನಾಭಿ ಎಂಬ ವಿಷದ ಗಿಡದಲ್ಲಿರುವ ಅಕೋನಿಟಿನ್ ಇದಕ್ಕೆ ಪೂರ್ತಿ ಉಲ್ಟಾ. ಅದೇ ಸೋಡಿಯಂ ಬಾಗಿಲು ಮುಚ್ಚಿಕೊಳ್ಳಲು ಅದು ಬಿಡುವುದಿಲ್ಲ. ಕೋಶಗಳು ಸುಮ್ನೆ ತಮ್ಮಷ್ಟಕ್ಕೇ ಮಿಡಿಯತೊಡಗುತ್ತವೆ. ಇಸಿಜಿಯಲ್ಲಿ ಒಂದು ಬಡಿತ ಮೇಲೆ, ಮುಂದಿನದು ಕೆಳಗೆ, ಹೀಗೆ ಸರದಿ ಕಾಣಬಹುದು. ಶುದ್ಧ ಅಕೋನಿಟಿನ್ ಕೇವಲ 2 ಮಿಲಿಗ್ರಾಂ ಸಾಕು, ಪ್ರಾಣ ಹೋಗಬಹುದು. ಮೊದಲ ಸುಳಿವು ಸಾಮಾನ್ಯವಾಗಿ ತುಟಿ, ನಾಲಿಗೆ ಜುಮ್ಮೆನ್ನುವುದು. ಹಾಗಾದರೆ ಕಾಯುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ಇದಕ್ಕೆ ಪ್ರತಿಮದ್ದು ಇಲ್ಲ. ಶಾಕ್ ಕೊಟ್ಟರೂ ವಿಷ ಬಾಗಿಲಲ್ಲೇ ಕೂತಿರುವುದರಿಂದ ತಾಳ ಮತ್ತೆ ತಪ್ಪುತ್ತದೆ.

ನನಗೆ ಇವೆಲ್ಲದಕ್ಕಿಂತ ಹತ್ತಿರದ್ದು ಸಿಂಕೋನಾ ತೊಗಟೆಯ ಕಥೆ. ವೆಂಕೆಬಾಖ್ ಎಂಬ ವೈದ್ಯರ ಬಳಿ ಡಚ್ ವ್ಯಾಪಾರಿಯೊಬ್ಬ ಬಂದ. ನಾಡಿ ಏರುಪೇರಾದಾಗ ಆ ತೊಗಟೆಯಿಂದ ಬರುವ ಕ್ವಿನೈನ್ ನುಂಗಿದರೆ ಸರಿಹೋಗುತ್ತದೆ ಎಂದ. ವೈದ್ಯರು ನಂಬಲಿಲ್ಲ. ಮರುದಿನ ಅವನು ನೆಟ್ಟಗಾದ ನಾಡಿಯೊಂದಿಗೇ ಬಂದು ನಿಂತ. 1914ರಲ್ಲಿ ವೆಂಕೆಬಾಖ್ ಇದನ್ನು ಬರೆದರು. 1918ರಲ್ಲಿ ಫ್ರೈ ಎಂಬ ವೈದ್ಯರು ಅದೇ ತೊಗಟೆಯ ಕ್ವಿನಿಡಿನ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ತೋರಿಸಿದರು. ರೋಗಿಯ ಮಾತನ್ನು ಕಿವಿಗೊಟ್ಟು ಕೇಳಿದ್ದರಿಂದ ಸಿಕ್ಕ ಮದ್ದು ಇದು.

ಕ್ವಿನಿಡಿನ್ ಸೋಡಿಯಂ ಬಾಗಿಲಿನ ಜೊತೆ ಪೊಟ್ಯಾಸಿಯಂ ಬಾಗಿಲುಗಳನ್ನೂ ತಡೆಯುತ್ತದೆ. ಕೋಶ ಮತ್ತೆ ಸಿದ್ಧವಾಗುವುದು ತಡವಾಗಿ, ಇಸಿಜಿಯಲ್ಲಿ ಆ ಸಮಯವನ್ನು ತೋರಿಸುವ ಕ್ಯೂಟಿ ಉದ್ದವಾಗುತ್ತದೆ. ಬಡಿತದ ವೇಗಕ್ಕೆ ಸರಿಹೊಂದಿಸಿದ ಕ್ಯೂಟಿ, ಅಂದರೆ ಕ್ಯೂಟಿಸಿ, 500 ಮಿಲಿಸೆಕೆಂಡ್ ದಾಟಿದರೆ ನನಗೆ ಭಯ. ಗೆರೆ ಹಗ್ಗ ಹೊಸೆದಂತೆ ತಿರುಚಿಕೊಳ್ಳುವ ಟಾರ್ಸೇಡ್ಸ್ ಎಂಬ ಅಪಾಯದ ತಾಳ ಶುರುವಾಗಿ ರೋಗಿ ಎಚ್ಚರ ತಪ್ಪಿ ಬೀಳಬಹುದು. ವಾಂತಿಭೇದಿಯಾಗಿ ದೇಹದ ಪೊಟ್ಯಾಸಿಯಂ ಇಳಿದಿದ್ದರೆ ಅಪಾಯ ಇನ್ನೂ ಜಾಸ್ತಿ. ಮರದರಿಶಿನದ ಬರ್ಬೆರಿನ್ ಕೂಡ ಇದೇ ಪೊಟ್ಯಾಸಿಯಂ ಬಾಗಿಲುಗಳಲ್ಲೊಂದನ್ನು ತಡೆಯಬಲ್ಲದು. ಅದಕ್ಕೇ ರೋಗಿ ತೆಗೆದುಕೊಳ್ಳುವ ಗಿಡದ ಪುಡಿಯ ಹೆಸರು ಕೇಳುತ್ತೇನೆ, ಪೊಟ್ಟಣ ತರಿಸಿ ನೋಡುತ್ತೇನೆ. ಬೈಯುವುದಿಲ್ಲ. ಬೈದರೆ ಮುಂದಿನ ಸಲ ಹೇಳುವುದೇ ಇಲ್ಲ.

ಅಜ್ಮಲಿನ್ ಪತ್ತೆ ಮಾಡಿದ ಬ್ರುಗಾಡಾ ರೋಗಿಗಳಲ್ಲಿ ಕೆಲವರಿಗೆ, ತಾಳ ತಪ್ಪಿದಾಗ ಸರಿಮಾಡಲು ಎದೆಯಲ್ಲಿಟ್ಟ ಸಾಧನ ಪದೇ ಪದೇ ಶಾಕ್ ಕೊಡುತ್ತಿರುತ್ತದೆ. ಅಂಥವರಿಗೆ ನಾನು ಬರೆಯುವುದು ಅದೇ ಹಳೆಯ ಕ್ವಿನಿಡಿನ್. ಬರೆದ ಮೇಲೆ ಕ್ಯೂಟಿ ಅಳೆಯದೆ ಡೋಸ್ ಏರಿಸುವುದಿಲ್ಲ.