ಸೊಳ್ಳೆ ತಂದ ಸಾವು, ನೊಣ ತಂದ ಸಾವು

ಕೊರೊನಾ ಕಾಲದಲ್ಲಿ ಒಂದು ಮಾತು ಬಹಳ ಓಡಾಡಿತು. ವೈರಸ್ ಬರಬರುತ್ತಾ ತಾನೇ ಸಾಧುವಾಗುತ್ತದೆ, ಹೊಕ್ಕ ದೇಹವನ್ನೇ ಕೊಂದರೆ ಅದಕ್ಕೂ ನೆಲೆಯಿಲ್ಲವಲ್ಲ ಅಂತ. ಕೇಳೋಕೆ ಸರಿಯೆನಿಸುತ್ತದೆ, ಅಲ್ವಾ? ಇದಕ್ಕೆ ಸಾಕ್ಷಿಯಾಗಿ ಆಸ್ಟ್ರೇಲಿಯಾದ ಮೊಲಗಳನ್ನು ತೋರಿಸುವವರಿದ್ದಾರೆ. ಅವರು ಕತೆಯನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ನಿಜವಾದ ಸ್ವಾರಸ್ಯ ಇರುವುದು ಉಳಿದ ಅರ್ಧದಲ್ಲಿ.

1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಆಸೆಗೆ ಇಂಗ್ಲೆಂಡಿನಿಂದ 24 ಮೊಲಗಳನ್ನು ವಿಕ್ಟೋರಿಯಾಕ್ಕೆ ತರಿಸಿಕೊಂಡ. ಐವತ್ತೇ ವರ್ಷಗಳಲ್ಲಿ ಮೊಲಗಳು ಖಂಡದ ಬಹುಭಾಗವನ್ನು ಆವರಿಸಿದವು. ಪಶ್ಚಿಮದಲ್ಲಿ ಅವನ್ನು ತಡೆಯಲು 1,834 ಕಿಲೋಮೀಟರ್ ಉದ್ದದ ಬೇಲಿ ಹಾಕಿದರು. 1907ರಲ್ಲಿ ಅದು ಮುಗಿಯುವ ಮೊದಲೇ ಮೊಲಗಳು ಆಚೆ ದಾಟಿಯಾಗಿತ್ತು. ನಮ್ಮ ಹೊಲಗಳಲ್ಲಿ ಓಡುವ ಮೊಲ ಇದಲ್ಲ, ಅದು ಬಿಲ ತೋಡುವುದಿಲ್ಲ. ಯುರೋಪಿನ ಈ ಮೊಲ ನೆಲದೊಳಗೆ ಬಿಲಗಳ ಜಾಲವನ್ನೇ ಮಾಡಿಕೊಂಡು ಗುಂಪಾಗಿ ಬದುಕುತ್ತದೆ.

ರೋಗ ಹಬ್ಬಿಸಿ ಕೊಲ್ಲುವ ಯೋಚನೆ ಬೇಗನೆ ಬಂತು. 1887ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ಉಪಾಯ ಕೊಟ್ಟವರಿಗೆ 25,000 ಪೌಂಡ್ ಬಹುಮಾನ ಘೋಷಿಸಿತು. ಲೂಯಿ ಪಾಶ್ಚರ್ ತನ್ನ ಹೆಂಡತಿಯ ಸೋದರಿಯ ಮಗ ಆಡ್ರಿಯನ್ ಲುವಾರ್‌ನನ್ನು ಕೋಳಿ ಕಾಲರಾದ ರೋಗಾಣು ಕೊಟ್ಟು ಸಿಡ್ನಿಗೆ ಕಳಿಸಿದ. ಅದನ್ನು ತಿಂದ ಮೊಲಗಳು ಸತ್ತವು. ಆದರೆ ರೋಗ ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ದಾಟಲಿಲ್ಲ. ಬಹುಮಾನ ಯಾರಿಗೂ ಸಿಗಲಿಲ್ಲ. ಕೊಲ್ಲುವುದು ಬೇರೆ, ದಾಟುವುದು ಬೇರೆ. ಮುಂದಿನದೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ದಾಟಬಲ್ಲ ರೋಗ ಸಿಕ್ಕಿದ್ದು ದಕ್ಷಿಣ ಅಮೆರಿಕದಲ್ಲಿ. 1896ರಲ್ಲಿ ಉರುಗ್ವೆಯಲ್ಲಿ ಸಾನರೆಲ್ಲಿ ಎಂಬ ವಿಜ್ಞಾನಿಯ ಪ್ರಯೋಗಾಲಯದ ಮೊಲಗಳು ಕಣ್ಣು ಊದಿಕೊಂಡು, ಮೈಯೆಲ್ಲ ಗಂಟಾಗಿ ಸತ್ತವು. ಇದೇ ಮಿಕ್ಸೊಮಟೋಸಿಸ್. ಅಲ್ಲಿನ ಕಾಡುಮೊಲಗಳಿಗೆ ಈ ವೈರಸ್‌ನಿಂದ ಒಂದು ಸಣ್ಣ ಗಂಟು ಬರುತ್ತದೆ ಅಷ್ಟೆ. ಯುರೋಪಿನ ಮೊಲಕ್ಕೆ ಮಾತ್ರ ಸಾವು. ಇದು ಸಿಡುಬಿನ ಬಳಗದ ವೈರಸ್. 2022ರಲ್ಲಿ ಕರ್ನಾಟಕದ ದನಗಳನ್ನು ಕಾಡಿದ ಚರ್ಮಗಂಟು ರೋಗದ ವೈರಸ್ಸೂ ಇದೇ ಬಳಗದ್ದು.

1950ರಲ್ಲಿ ಇದನ್ನು ಆಸ್ಟ್ರೇಲಿಯಾದ ಮರ್ರೆ ನದಿಯ ಕಣಿವೆಯಲ್ಲಿ ಬಿಟ್ಟರು. ಮೊದಮೊದಲು ರೋಗ ತಣ್ಣಗಾದಂತೆ ಕಂಡಿತು. ಡಿಸೆಂಬರ್ ಹೊತ್ತಿಗೆ, ಅಂದರೆ ಅಲ್ಲಿನ ಬೇಸಿಗೆಯಲ್ಲಿ, ಸೊಳ್ಳೆಗಳು ಹೆಚ್ಚಿದವು, ರೋಗ ನದಿಗಳ ಗುಂಟ ಸಾವಿರಾರು ಮೈಲಿ ಓಡಿತು. ಸೋಂಕು ತಗುಲಿದ ನೂರು ಮೊಲಗಳಲ್ಲಿ 99ಕ್ಕೂ ಹೆಚ್ಚು ಸತ್ತವು. ಅದೇ ಬೇಸಿಗೆಯಲ್ಲಿ ಆ ಭಾಗದ ಜನರಲ್ಲಿ ಮಿದುಳು ಜ್ವರ ಕಾಣಿಸಿಕೊಂಡಿತು. ಮೊಲದ ರೋಗವೇ ಮನುಷ್ಯರಿಗೆ ಬಂತು ಅಂತ ಗುಲ್ಲೆದ್ದಿತು. ಆಗ ವಿಜ್ಞಾನಿಗಳಾದ ಫ್ರಾಂಕ್ ಫೆನ್ನರ್, ಮ್ಯಾಕ್‌ಫಾರ್ಲೇನ್ ಬರ್ನೆಟ್ ಮತ್ತು ಇಯಾನ್ ಕ್ಲೂನೀಸ್ ರಾಸ್ ಮೂವರೂ ಮೊಲದ ವೈರಸ್ಸನ್ನು ತಮ್ಮ ಮೈಗೇ ಚುಚ್ಚಿಸಿಕೊಂಡರು. ಏನೂ ಆಗಲಿಲ್ಲ. ಮಿದುಳು ಜ್ವರಕ್ಕೆ ಕಾರಣ ಸೊಳ್ಳೆಯೇ ಹರಡುವ ಇನ್ನೊಂದು ವೈರಸ್. ವದಂತಿಗೆ ಇಷ್ಟು ಚೊಕ್ಕ ಉತ್ತರ ಕೊಟ್ಟ ಪ್ರಯೋಗ ವಿಜ್ಞಾನದ ಇತಿಹಾಸದಲ್ಲಿ ಅಪರೂಪ.

ಈಗ ನನಗೆ ಬಹಳ ಇಷ್ಟವಾದ ಭಾಗ. ಮಲೇರಿಯಾದ ರೋಗಾಣು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುತ್ತದೆ. ಮೊಲದ ಈ ವೈರಸ್ ಹಾಗೆ ಬೆಳೆಯುವುದಿಲ್ಲ. ಅರಿಶಿನದ ಕೈಯಲ್ಲಿ ಬಾಗಿಲು ಮುಟ್ಟಿದರೆ ಬಾಗಿಲಿಗೂ ಅರಿಶಿನ ಅಂಟುತ್ತದಲ್ಲ, ಹಾಗೆ ಸೊಳ್ಳೆಯ ಮೂತಿಗೆ ಸುಮ್ನೆ ಮೆತ್ತಿಕೊಂಡು ಹೋಗುತ್ತದೆ. ಮೂತಿಗೆ ಮೆತ್ತಬೇಕಾದರೆ ಗಂಟಿನ ಚರ್ಮದಲ್ಲಿ ವೈರಸ್ ದಟ್ಟವಾಗಿರಬೇಕು. ಸೊಳ್ಳೆ ಬಂದು ಕೂರುವಾಗ ಮೊಲವೂ ಬದುಕಿರಬೇಕು. ಅತಿ ಉಗ್ರ ತಳಿ ತಗುಲಿದ ಮೊಲ 13 ದಿನದೊಳಗೆ ಸಾಯುತ್ತದೆ, ಸೊಳ್ಳೆಗಳಿಗೆ ಸಿಗುವ ಅವಧಿ ಕಡಿಮೆ. ತೀರಾ ಸೌಮ್ಯ ತಳಿಯಾದರೆ ಗಂಟು ಬೇಗ ಮಾಯುತ್ತದೆ, ವೈರಸ್ ದಟ್ಟವಾಗುವುದೇ ಇಲ್ಲ. ನಡುವಿನ ತಳಿಯ ಮೊಲ ಮೂರು ನಾಲ್ಕು ವಾರ ಗಂಟು ಹೊತ್ತು ನರಳುತ್ತದೆ. ಅಷ್ಟೂ ದಿನ ಸೊಳ್ಳೆಗೆ ಸರಕು ಸಿಗುತ್ತದೆ. ಕೆಲವೇ ವರ್ಷಗಳಲ್ಲಿ ಗೆದ್ದದ್ದು ಈ ನಡುವಿನ ತಳಿ. ಗಮನಿಸಿ, ಇದೂ ಸಾಧುವಲ್ಲ. ಸಾಮಾನ್ಯ ಮೊಲಗಳಲ್ಲಿ ಇದು ನೂರಕ್ಕೆ 70ರಿಂದ 95ನ್ನು ಕೊಲ್ಲುತ್ತಿತ್ತು.

ಇತ್ತ ಮೊಲಗಳೂ ಬದಲಾದವು. ಯುರಾನಾ ಸರೋವರದ ಬಳಿ ಏಳು ಸಲ ರೋಗ ಬಂದು ಹೋದ ಮೇಲೆ ಹುಟ್ಟಿದ ಮರಿಗಳಿಗೆ ಫೆನ್ನರ್ ತಂಡ ಒಂದೇ ತಳಿಯ ವೈರಸ್ ಚುಚ್ಚಿ ನೋಡಿತು. ಮೊದಲು ನೂರಕ್ಕೆ 90 ಸಾಯುತ್ತಿದ್ದಲ್ಲಿ ಈಗ ಸತ್ತದ್ದು ಸುಮಾರು 25. ಉಳಿದವುಗಳ ಮಕ್ಕಳು ತಾನೇ ಮುಂದಿನ ಪೀಳಿಗೆ! ರೋಗ ಬರುವ ಮುಂಚಿನ ಮೊಲಗಳ ಮ್ಯೂಸಿಯಂ ಮಾದರಿಗಳನ್ನೂ ಇಂದಿನ ಮೊಲಗಳನ್ನೂ ಹೋಲಿಸಿದ ಅಧ್ಯಯನ 2019ರಲ್ಲಿ ಬಂತು. ಆಸ್ಟ್ರೇಲಿಯಾ, ಫ್ರಾನ್ಸ್, ಬ್ರಿಟನ್ ಮೂರರಲ್ಲೂ ಬಹುಮಟ್ಟಿಗೆ ಅವೇ ಜೀನ್‌ಗಳು ಬದಲಾಗಿದ್ದವು. ಆದರೆ ಮೊಲ ಗಟ್ಟಿಯಾದರೆ ಗಂಟು ಬೇಗ ಮಾಯುತ್ತದೆ. ಆಗ ಗೆಲ್ಲುವುದು ಇನ್ನಷ್ಟು ಉಗ್ರವಾದ ವೈರಸ್. 1990ರ ದಶಕದ ಕೆಲವು ತಳಿಗಳನ್ನು ರೋಗನಿರೋಧ ಬೆಳೆಯದ ಪ್ರಯೋಗಾಲಯದ ಮೊಲಗಳಿಗೆ ಕೊಟ್ಟಾಗ ಅವುಗಳ ರಕ್ಷಣಾ ವ್ಯವಸ್ಥೆಯೇ ಕುಸಿದು ಸತ್ತವು. 'ಸಾಧುವಾಯಿತು' ಎನ್ನುವವರು ಇದನ್ನು ಹೇಳುವುದಿಲ್ಲ.

ಫ್ರಾನ್ಸಿಗೆ ರೋಗ ಹೋದದ್ದು ಒಬ್ಬ ವೈದ್ಯನಿಂದ. 1952ರಲ್ಲಿ ಅರ್ಮಾಂ ಡೆಲೀಲ್ ತನ್ನ ಎಸ್ಟೇಟಿನ ಮೊಲಗಳನ್ನು ಕೊಲ್ಲಲು ಎರಡು ಮೊಲಕ್ಕೆ ವೈರಸ್ ಚುಚ್ಚಿ ಬಿಟ್ಟ. ಸುತ್ತಲೂ ಗೋಡೆಯಿದೆ, ಹೊರಗೆ ಹೋಗದು ಅಂತ ಅವನ ನಂಬಿಕೆ. ಎರಡೇ ವರ್ಷದಲ್ಲಿ ದೇಶದ ನೂರಕ್ಕೆ 90ರಷ್ಟು ಕಾಡುಮೊಲಗಳು ಸತ್ತವು. 1953ರಲ್ಲಿ ರೋಗ ಬ್ರಿಟನ್ ತಲುಪಿತು, ಅಲ್ಲಿ ಹೊತ್ತದ್ದು ಚಿಗಟ. ಮೇಯುವ ಮೊಲ ಇಲ್ಲದೆ ಹುಲ್ಲು ಎತ್ತರವಾಯಿತು, ನೆಲ ತಂಪಾಯಿತು, ಬಿಸಿಲು ನೆಲ ಬೇಕಾದ ಒಂದು ಜಾತಿಯ ಕೆಂಪಿರುವೆ ಕಡಿಮೆಯಾಯಿತು. ಆ ಇರುವೆಯ ಗೂಡಿನಲ್ಲೇ ಹುಳುವಾಗಿ ಬೆಳೆಯುವ 'ಲಾರ್ಜ್ ಬ್ಲೂ' ಚಿಟ್ಟೆ 1979ರಲ್ಲಿ ಬ್ರಿಟನ್ನಿನಿಂದಲೇ ಅಳಿಯಿತು.

ಇನ್ನು ನೊಣದ ವಿಷಯ. 1984ರಲ್ಲಿ ಚೀನಾದ ಸಾಕುಮೊಲಗಳಲ್ಲಿ ಹೊಸದೊಂದು ರಕ್ತಸ್ರಾವದ ರೋಗ ಕಂಡಿತು. ಕ್ಯಾಲಿಸಿವೈರಸ್ ಬಳಗದ್ದು, ಎರಡು ಮೂರು ದಿನದಲ್ಲೇ ಸಾವು. ಆಸ್ಟ್ರೇಲಿಯಾ ಇದನ್ನು ವಾರ್ಡಾಂಗ್ ದ್ವೀಪದಲ್ಲಿ ಪರೀಕ್ಷಿಸುತ್ತಿತ್ತು. 1995ರಲ್ಲಿ ಅದು ತಪ್ಪಿಸಿಕೊಂಡು ಮುಖ್ಯ ಭೂಮಿಗೆ ಬಂತು, ಹೊತ್ತು ತಂದದ್ದು ನೊಣಗಳೇ ಇರಬೇಕು. ನೊಣ ಸತ್ತ ಮೊಲದ ಮೇಲೂ ಕೂರುತ್ತದೆ, ಅಲ್ಲಿಂದಲೂ ವೈರಸ್ ಹೊರುತ್ತದೆ. ಹಾಗಾಗಿ ಮೊಲ ಬೇಗ ಸತ್ತರೆ ಈ ವೈರಸ್‌ಗೆ ನಷ್ಟವಿಲ್ಲ. ಆಮೇಲಿನ ವರ್ಷಗಳಲ್ಲಿ ಅದು ಸೌಮ್ಯವಾಗಲಿಲ್ಲ. ಮೊಲಗಳು ಗಟ್ಟಿಯಾಗುತ್ತಾ ಬಂದಂತೆ ಅದೂ ಉಗ್ರವಾಗುತ್ತಲೇ ಹೋಯಿತು.

ಆಸ್ಟ್ರೇಲಿಯಾದ ಒಣ ಪ್ರದೇಶಗಳಿಗೆ ಇದರಿಂದ ಒಳ್ಳೆಯದೇ ಆಯಿತು. ಸಸಿಗಳು ಮತ್ತೆ ಚಿಗುರಿದವು, ಅಲ್ಲಿಯವೇ ಆದ ಕುಪ್ಪಳಿಸುವ ಇಲಿಗಳು ಹೆಚ್ಚಿದವು. ಮೊಲ ಸಹಜವಾಗಿಯೇ ಇರುವ ಸ್ಪೇನ್‌ನಲ್ಲಿ ಆದದ್ದು ತದ್ವಿರುದ್ಧ. ಅಲ್ಲಿನ ಐಬೀರಿಯನ್ ಲಿಂಕ್ಸ್ ಎಂಬ ಕಾಡುಬೆಕ್ಕು ಹೆಚ್ಚುಕಡಿಮೆ ಮೊಲ ತಿಂದೇ ಬದುಕುವ ಪ್ರಾಣಿ. ಎರಡು ರೋಗಗಳೂ ಮೊಲಗಳನ್ನು ಬಡಿದ ಮೇಲೆ, ಬೇಟೆ ಮತ್ತು ಕಾಡು ನಾಶವೂ ಸೇರಿ, 2002ರ ಎಣಿಕೆಯಲ್ಲಿ ಉಳಿದಿದ್ದದ್ದು ನೂರಕ್ಕಿಂತ ಕಡಿಮೆ. ದಶಕಗಳ ಶ್ರಮದಿಂದ ಈಗ ಎರಡು ಸಾವಿರ ದಾಟಿದೆ.

ಈ ನಡುವೆ 2010ರಲ್ಲಿ ಫ್ರಾನ್ಸ್‌ನಲ್ಲಿ ರಕ್ತಸ್ರಾವದ ರೋಗದ ಎರಡನೇ ವೈರಸ್ ಕಂಡಿತು. ಹಳೆಯದು ಎಳೆಯ ಮರಿಗಳನ್ನು ಬಿಡುತ್ತಿತ್ತು, ಇದು ಅವನ್ನೂ ಕೊಲ್ಲುತ್ತದೆ. ಹಳೆಯ ಸೋಂಕಿನಿಂದ ಬಂದ ರಕ್ಷಣೆಯೂ ಇದರ ಮುಂದೆ ಪೂರ್ತಿ ನಿಲ್ಲುವುದಿಲ್ಲ. 2015ರಲ್ಲಿ, ಯಾರೂ ಅಧಿಕೃತವಾಗಿ ಬಿಡದೆಯೇ, ಆಸ್ಟ್ರೇಲಿಯಾದಲ್ಲಿ ಪತ್ತೆಯಾಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಹಳೆಯ ತಳಿಯನ್ನು ಬಹುತೇಕ ಹೊರದೂಡಿತು.